ನೋವು ಬಂದ ಮೇಲೂ ನಡೆಯಬೇಕಿತ್ತು: ಕಾಲಿನ ರಕ್ತನಾಳ ಕಟ್ಟಿದ್ದ ಒಬ್ಬರ ಪ್ರಕರಣ

ಇದು ಒಬ್ಬ ನಿವೃತ್ತ ಶಿಕ್ಷಕರ ಪ್ರಕರಣ. ಹೆಸರು ಬೇಡ, ಮೇಷ್ಟ್ರು ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ವಯಸ್ಸು, ಮನೆಯ ವಿವರ ಸ್ವಲ್ಪ ಬದಲಿಸಿದ್ದೇನೆ. ಅವರ ಕಾಲು, ಶುಗರ್, ಎದೆ, ಇವುಗಳ ವಿಷಯದಲ್ಲಿ ಆಗಿದ್ದನ್ನು ಮಾತ್ರ ಆದ ಹಾಗೇ ಬರೆದಿದ್ದೇನೆ. ನಾನು ಫಿಸಿಯೋಥೆರಪಿಸ್ಟ್. ವ್ಯಾಯಾಮವನ್ನೇ ಔಷಧಿಯ ಹಾಗೆ ಅಳೆದು ಕೊಡುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ನಾನು ಒಂದಲ್ಲ, ಮೂರು ಕಡೆ ತಪ್ಪಿದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಮೇಷ್ಟ್ರಿಗೆ ಅರವತ್ತು ದಾಟಿತ್ತು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮೂವತ್ತು ವರ್ಷ ಸಿಗರೇಟ್ ಸೇದಿ, ಮೂರು ವರ್ಷದ ಹಿಂದೆ ಬಿಟ್ಟಿದ್ದರು. ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಒಂದು ಮಾತ್ರೆ ನಡೆಯುತ್ತಿದ್ದವು. ತೂಕ ತೀರಾ ಜಾಸ್ತಿ ಏನಲ್ಲ. ಇಡೀ ಜೀವನ ಬೋರ್ಡಿನ ಮುಂದೆ ನಿಂತು ಪಾಠ ಮಾಡಿದವರು, ಹಾಗಾಗಿ ಕಾಲು ನೋವು ಅಂದರೆ "ನಿಂತೂ ನಿಂತೂ ಸವೆದಿದೆ" ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು.

ದೂರು ಒಂದೇ. ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಯಾರೋ ಬಟ್ಟೆ ಹಿಂಡಿದ ಹಾಗೆ ಅನ್ನುತ್ತಿದ್ದರು. ವರ್ಷದ ಹಿಂದೆ ಅರ್ಧ ಕಿಲೋಮೀಟರ್ ಆದಮೇಲೆ ಬರುತ್ತಿದ್ದದ್ದು ಈಗ ನೂರೈವತ್ತು ಮೀಟರ್ ಒಳಗೇ ಬರುತ್ತಿತ್ತು.

ನನ್ನ ಹತ್ತಿರ ಬರುವ ಮೊದಲೇ ಬೆನ್ನಿನ ಸ್ಕ್ಯಾನ್ ಆಗಿತ್ತು. ಅರವತ್ತರ ವಯಸ್ಸಿನ ಹೆಚ್ಚಿನವರ ಬೆನ್ನನ್ನು ಸ್ಕ್ಯಾನ್ ಮಾಡಿದರೆ ಒಂದೆರಡು ಡಿಸ್ಕ್ ಸವೆದಿರುವುದು ಕಾಣುತ್ತದೆ, ಇವರಲ್ಲೂ ಕಂಡಿತ್ತು. ಸೊಂಟದ ನರ ಒತ್ತಿದೆ ಅಂತ ಬರೆದಿದ್ದ ಚೀಟಿ ಹಿಡಿದು ಬಂದರು. ನಾನು ಆ ಚೀಟಿ ನಂಬಿದೆ. ಎರಡು ವಾರ ಸೊಂಟದ ವ್ಯಾಯಾಮ ಮಾಡಿಸಿದೆ. ಏನೂ ಆಗಲಿಲ್ಲ. ಇದು ಮೊದಲ ತಪ್ಪು.

ನೋಟಿಸ್ ಬೋರ್ಡಿನ ಮುಂದೆ

ಮೂರನೇ ವಾರ ಒಂದು ದಿನ ಅವರು ನಮ್ಮ ಉದ್ದದ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅರ್ಧ ದಾರಿಗೆ ಅವರು ನೋಟಿಸ್ ಬೋರ್ಡಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಏನೋ ಓದತೊಡಗಿದರು. ಎರಡು ನಿಮಿಷ ಆದಮೇಲೆ ಆರಾಮಾಗಿ ನಡೆದು ಬಂದರು. ಅಲ್ಲಿದ್ದದ್ದು ಬೆಂಕಿ ಆರಿಸುವ ಉಪಕರಣ ಬಳಸುವುದು ಹೇಗೆ ಅನ್ನುವ ಹಳೇ ಕಾಗದ.

"ಅದನ್ನ ಯಾಕೆ ಓದ್ತಿದ್ರಿ ಮೇಷ್ಟ್ರೇ?" ಅಂತ ಕೇಳಿದೆ.

ಸ್ವಲ್ಪ ಸಂಕೋಚದಿಂದಲೇ ಹೇಳಿದರು. "ಓದೋದೇನು ಬಂತು, ಕಾಲು ಹಿಡ್ಕೊಳ್ತು. ಸುಮ್ನೆ ನಿಂತ್ರೆ ಜನ ಏನಾಯ್ತು ಅಂತ ಕೇಳ್ತಾರೆ. ಏನಾದ್ರೂ ಓದ್ತಾ ನಿಂತ್ರೆ ಯಾರೂ ಕೇಳಲ್ಲ."

ಆಗ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ನೋವು ಬಂದಾಗ ಕೂತುಕೊಳ್ಳಬೇಕಾ, ಬಗ್ಗಬೇಕಾ, ಅಥವಾ ನಿಂತರೆ ಸಾಕಾ? "ನಿಂತ್ರೆ ಸಾಕು" ಅಂದರು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಸೊಂಟದಲ್ಲಿ ನರದ ಹಾದಿ ಕಿರಿದಾಗಿದ್ದರೆ ಸುಮ್ನೆ ನಿಂತರೆ ಸಾಮಾನ್ಯವಾಗಿ ನೋವು ಹೋಗುವುದಿಲ್ಲ. ಕೂರಬೇಕು, ಇಲ್ಲಾ ಮುಂದಕ್ಕೆ ಬಾಗಬೇಕು. ಅಂಥವರು ತಳ್ಳುಗಾಡಿ ಹಿಡಿದು ಬಾಗಿ ನಡೆದರೆ ಜಾಸ್ತಿ ದೂರ ನಡೆಯುತ್ತಾರೆ. ರಕ್ತನಾಳ ಕಟ್ಟಿದವರದು ಬೇರೆ. ನಡೆಯುವಾಗ ಮಾಂಸಖಂಡ ಕೇಳುವಷ್ಟು ರಕ್ತ ಕಟ್ಟಿದ ನಾಳದಲ್ಲಿ ಬರುವುದಿಲ್ಲ, ನೋವು ಬರುತ್ತದೆ. ನಿಂತರೆ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಅದೇ ಜಾಗದಲ್ಲಿ ಅದೇ ನೋವು. ವೈದ್ಯರು ಇದನ್ನು ಕ್ಲಾಡಿಕೇಶನ್ ಅನ್ನುತ್ತಾರೆ, ಕುಂಟುವುದು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಅಂಗಡಿ ಕಿಟಕಿಯ ಕಾಯಿಲೆ ಅಂತಲೇ ಹೆಸರಿದೆ. ನೋವು ಬಂದವರು ಅಂಗಡಿಯ ಗಾಜಿನೊಳಗಿನ ಸಾಮಾನು ನೋಡುವ ಹಾಗೆ ನಿಲ್ಲುತ್ತಾರೆ ಅಂತ. ನಮ್ಮ ಮೇಷ್ಟ್ರಿಗೆ ನೋಟಿಸ್ ಬೋರ್ಡ್ ಸಿಕ್ಕಿತ್ತು ಅಷ್ಟೆ.

ಅಲ್ಲೇ ಸಾಕ್ಸ್ ಬಿಚ್ಚಿಸಿದೆ. ಎರಡು ವಾರ ನೋಡಿಕೊಂಡ ರೋಗಿಯ ಪಾದವನ್ನು ನಾನು ಅವತ್ತೇ ಮೊದಲು ಮುಟ್ಟಿದ್ದು. ಎಡಪಾದ ಬೆಚ್ಚಗಿತ್ತು, ಬಲಪಾದ ತಣ್ಣಗಿತ್ತು. ಬಲ ಮುಂಗಾಲಿನಲ್ಲಿ ಕೂದಲು ಉದುರಿ ಚರ್ಮ ನುಣುಪಾಗಿತ್ತು. ಪಾದದ ಒಳಗಂಟಿನ ಹಿಂದೆ ಎಡಗಡೆ ನಾಡಿ ಸಿಕ್ಕಿತು, ಬಲಗಡೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ರಕ್ತನಾಳದ ಸರ್ಜನ್ ಹತ್ತಿರ ಕಳಿಸಿದೆವು. ಅವರು ಮೊದಲು ಎಬಿಐ ನೋಡಿದರು. ಇದು ತುಂಬಾ ಸರಳ ಪರೀಕ್ಷೆ. ಪಾದದ ಗಂಟಿನ ಹತ್ತಿರದ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುವುದು. 1.0ರಿಂದ 1.4ರವರೆಗೆ ಇದ್ದರೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಅಂತ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನಾಳದ ಗೋಡೆ ಗಡುಸಾಗಿ ಸಂಖ್ಯೆ ಸುಳ್ಳಾಗಿ ಜಾಸ್ತಿ ಬರಬಹುದು, ಹಾಗಾಗಿ ಇವರಿಗೆ ಹೆಬ್ಬೆರಳಿನ ಒತ್ತಡವನ್ನೂ ನೋಡಿದರು. ಬಲಗಾಲು 0.62. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ತೊಡೆಯ ದೊಡ್ಡ ರಕ್ತನಾಳದಲ್ಲಿ ಅಡ್ಡಿ ಕಂಡಿತು.

ಮುಂದೆ ಏನು ಅನ್ನುವ ಮೊದಲ ನಿರ್ಧಾರ

ಮನೆಯವರಿಗೆಲ್ಲ ಒಂದೇ ಆಸೆ, ಬಲೂನ್ ಹಾಕಿ ನಾಳ ಬಿಡಿಸಿಬಿಡಿ ಅಂತ. ಕಟ್ಟಿದೆ ಅಂದಮೇಲೆ ಬಿಡಿಸಬೇಕು ಅನ್ನಿಸುವುದು ಸಹಜ ಅಲ್ವಾ. ಸರ್ಜನ್ ಮಾತ್ರ ಅವಸರ ಮಾಡಲಿಲ್ಲ. ರಾತ್ರಿ ಮಲಗಿದಾಗ ಪಾದ ನೋವಿಲ್ಲ, ಗಾಯವಿಲ್ಲ, ಬೆರಳು ಕಪ್ಪಾಗಿಲ್ಲ. ಅಂದರೆ ಕಾಲು ಉಳಿಯುತ್ತದೋ ಇಲ್ಲವೋ ಅನ್ನುವ ಹಂತ ಅಲ್ಲ ಇದು. ಇಂಥವರಿಗೆ ಮೊದಲು ಔಷಧಿ ಮತ್ತು ವ್ಯಾಯಾಮ ಕೊಟ್ಟು ನೋಡುವುದು ಸರಿಯಾದ ದಾರಿ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ, ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಶುರುವಾದವು. ಚೀಟಿಯ ಕೊನೆಯ ಸಾಲು ಹೀಗಿತ್ತು: ದಿನಾ ನಡೆಯಿರಿ.

ನಾನೂ ಅದನ್ನೇ ಹೇಳಿದೆ. ದಿನಾ ನಡೀರಿ ಮೇಷ್ಟ್ರೇ, ಎಷ್ಟು ನಡೆದಿರಿ ಅಂತ ಬರೆದಿಡಿ, ಎರಡು ತಿಂಗಳು ಬಿಟ್ಟು ನೋಡೋಣ.

ಎರಡು ತಿಂಗಳಾದ ಮೇಲೆ ಒಂದು ನೋಟ್‌ಬುಕ್ ಹಿಡಿದು ಬಂದರು. ಗೆರೆ ಹೊಡೆದು, ತಾರೀಖು ಹಾಕಿ, ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಸಂಖ್ಯೆಗಳನ್ನು ನೋಡಿದರೆ 130, 130, 120, 130, 110. ಕೊನೆಯ ವಾರ ಮೊದಲ ವಾರಕ್ಕಿಂತ ಕಡಿಮೆ.

ಏನು ಮಾಡ್ತಿದ್ರಿ ಅಂತ ವಿವರವಾಗಿ ಕೇಳಿದೆ. ನೋವು ಶುರುವಾದ ತಕ್ಷಣ, ಕೆಲವೊಮ್ಮೆ ಶುರುವಾಗುವ ಮೊದಲೇ, ನಿಂತು ವಾಪಸ್ ಹೋಗುತ್ತಿದ್ದರು. "ನೋವು ಅಂದ್ರೆ ಒಳಗೆ ಏನೋ ಹಾಳಾಗ್ತಿದೆ ಅಂತ ತಾನೇ? ರಕ್ತನಾಳ ಒಡೆದುಹೋದ್ರೆ?" ಅವರ ಹೆಂಡತಿಯೂ ಪಕ್ಕದಲ್ಲೇ ಕೂತು ಹೌದು ಹೌದು ಅನ್ನುತ್ತಿದ್ದರು.

ಅವರದು ತಪ್ಪಲ್ಲ. ಮಂಡಿ ನೋವಿರಲಿ, ಉಳುಕಿರಲಿ, ಎದೆ ನೋವಿರಲಿ, ನೋವು ಬಂದರೆ ನಿಲ್ಲಿ ಅಂತಲೇ ನಾವೆಲ್ಲ ಹೇಳುತ್ತಾ ಬಂದಿದ್ದೇವೆ. ಈ ಒಂದು ಕಾಯಿಲೆಯಲ್ಲಿ ಅದು ತಲೆಕೆಳಗು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮಾತ್ರೆ ಬರೆಯುವಾಗ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಅಂತ ಬರೆಯುವವರು ವ್ಯಾಯಾಮ ಬರೆಯುವಾಗ "ನಡೆಯಿರಿ" ಅಂತ ಒಂದು ಪದ ಬರೆದು ಕೈ ತೊಳೆದುಕೊಳ್ಳುತ್ತೇವೆ. ಎರಡನೇ ತಪ್ಪು ಇದು. ಮೇಷ್ಟ್ರ ಎರಡು ತಿಂಗಳು ಇದರಲ್ಲಿ ಹೋಯಿತು.

ಬೆರಳಿನ ಲೆಕ್ಕ

ಹೊಸದಾಗಿ ಶುರು ಮಾಡಿದೆವು. ವಾರಕ್ಕೆ ಮೂರು ದಿನ, ನಮ್ಮ ಕಣ್ಣೆದುರಿಗೇ, ಒಟ್ಟು 36 ಸಲ. ಮೂರು ತಿಂಗಳಾದ ಮೇಲೂ ಸುಧಾರಿಸದಿದ್ದರೆ, ಅಥವಾ ನಡುವೆ ರಾತ್ರಿ ನೋವು ಇಲ್ಲವೇ ಗಾಯ ಕಂಡರೆ, ಬಲೂನಿನ ಮಾತು ಮತ್ತೆ ಎತ್ತುವುದು ಅಂತ ಸರ್ಜನ್ ಜೊತೆ ಮೊದಲೇ ಮಾತಾಡಿಕೊಂಡೆವು. ಹೀಗೆ ಮೊದಲೇ ಗೆರೆ ಎಳೆದುಕೊಂಡಿದ್ದರಿಂದ ಮನೆಯವರಿಗೆ ಸಮಾಧಾನವಾಯಿತು, ಸುಮ್ನೆ ತಳ್ಳುತ್ತಿದ್ದಾರೆ ಅನ್ನುವ ಭಾವನೆ ಹೋಯಿತು.

ಮೊದಲ ದಿನ ಅಳೆದೆವು. ಟ್ರೆಡ್‌ಮಿಲ್ ಮೇಲೆ ಗಂಟೆಗೆ 3 ಕಿಲೋಮೀಟರ್ ವೇಗ, ಏರು ಇಲ್ಲ. 140 ಮೀಟರ್‌ಗೆ ನೋವು ಶುರು, 240 ಮೀಟರ್‌ಗೆ ಇನ್ನು ಆಗಲ್ಲ ಅಂದರು. ಹೆಚ್ಚುಕಡಿಮೆ ಐದು ನಿಮಿಷ.

ನೋವನ್ನು ಅಳೆಯಲು 0ರಿಂದ 4ರವರೆಗೆ ಒಂದು ಲೆಕ್ಕ ಇದೆ. 0 ಅಂದರೆ ಏನೂ ಇಲ್ಲ. 1 ಅಂದರೆ ಈಗ ಶುರುವಾಯಿತು. 2 ಅಂದರೆ ಚೆನ್ನಾಗಿಯೇ ಗೊತ್ತಾಗುತ್ತಿದೆ. 3 ಅಂದರೆ ಜೋರಾಗಿದೆ, ಬೇರೆ ಕಡೆ ಗಮನ ಹೋಗುವುದಿಲ್ಲ. 4 ಅಂದರೆ ಇನ್ನೊಂದು ಹೆಜ್ಜೆಯೂ ಸಾಧ್ಯವಿಲ್ಲ. 3ರವರೆಗೆ ನಡೆಯಬೇಕು, ಆಮೇಲೆ ನಿಲ್ಲಬೇಕು, ನೋವು ಪೂರ್ತಿ 0ಗೆ ಇಳಿಯುವವರೆಗೆ ಕಾಯಬೇಕು, ಮತ್ತೆ ನಡೆಯಬೇಕು. ನಡೆದದ್ದು, ನಿಂತದ್ದು ಎಲ್ಲ ಸೇರಿ ಮೊದಲು ಅರ್ಧ ಗಂಟೆ, ನಿಧಾನವಾಗಿ ಐವತ್ತು ನಿಮಿಷದವರೆಗೆ. ಒಂದೇ ಸಲಕ್ಕೆ ಎಂಟು ನಿಮಿಷ ನಡೆಯುವ ಹಾಗಾದರೆ ಏರು ಸ್ವಲ್ಪ ಜಾಸ್ತಿ ಮಾಡುವುದು. ನಡೆಯುತ್ತಾ ಮಾತಾಡುವುದು ಅವರಿಗೆ ಕಷ್ಟವಾಗುತ್ತಿತ್ತು, ಅದಕ್ಕೆ ಬೆರಳು ತೋರಿಸಿ ಅಂದೆ. ಟ್ರೆಡ್‌ಮಿಲ್‌ನ ಕಂಬಿ ಹಿಡಿದ ಕೈಯಿಂದಲೇ ಒಂದು ಬೆರಳು, ಎರಡು ಬೆರಳು ಎತ್ತುತ್ತಿದ್ದರು.

ಮೊದಲ ದಿನ ಎರಡು ಬೆರಳು ಎತ್ತಿ ನನ್ನ ಮುಖ ನೋಡಿದರು, ನಿಲ್ಲಿಸು ಅನ್ನುವ ಹಾಗೆ. ಇನ್ನೊಂದು ಬೆರಳಿದೆ ಮೇಷ್ಟ್ರೇ ಅಂದೆ. ಆ ಮೂರನೇ ಬೆರಳು ಎತ್ತುವುದಕ್ಕೆ ಅವರಿಗೆ ಎಷ್ಟು ಧೈರ್ಯ ಬೇಕಾಯಿತು ಅಂತ ಅವರ ಬಿಳುಚಿದ ಗೆಣ್ಣುಗಳೇ ಹೇಳುತ್ತಿದ್ದವು. ಪಕ್ಕದಲ್ಲಿ ಒಬ್ಬರು ನಿಂತು ಈ ನೋವು ನಿಮ್ಮನ್ನು ಹಾಳು ಮಾಡುವುದಿಲ್ಲ ಅಂತ ಹೇಳುತ್ತಿರಬೇಕು. ಕಣ್ಣೆದುರಿಗೆ ಮಾಡಿಸುವ ವ್ಯಾಯಾಮಕ್ಕೂ ಮನೆಗೆ ಹೋಗಿ ಮಾಡಿ ಅನ್ನುವುದಕ್ಕೂ ಇರುವ ದೊಡ್ಡ ಫರಕು ಇದೇ ಅಂತ ನನಗೆ ಆವತ್ತು ಗೊತ್ತಾಯಿತು.

ನೋವಿನವರೆಗೆ ನಡೆದರೆ ಯಾಕೆ ಒಳ್ಳೆಯದಾಗುತ್ತದೆ ಅಂತ ಮೇಷ್ಟ್ರು ಕೇಳಿದರು. ಪಾಠ ಹೇಳಿದವರಲ್ವಾ, ಕಾರಣ ಬೇಕು. ಕಟ್ಟಿದ ನಾಳ ವ್ಯಾಯಾಮದಿಂದ ಬಿಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಟ್ಟೆ. ಆದರೆ ರಕ್ತ ಸಾಲದೆ ಕೆಲಸ ಮಾಡಿದ ಮಾಂಸಖಂಡ ಹೊಂದಿಕೊಳ್ಳುತ್ತದೆ. ಅದರ ಜೀವಕೋಶಗಳು ಸಿಕ್ಕಷ್ಟೇ ಆಮ್ಲಜನಕದಲ್ಲಿ ಜಾಸ್ತಿ ಶಕ್ತಿ ತೆಗೆಯುವುದನ್ನು ಕಲಿಯುತ್ತವೆ, ಸಣ್ಣ ಸಣ್ಣ ನಾಳಗಳು ಚೆನ್ನಾಗಿ ಹಿಗ್ಗುತ್ತವೆ, ನಡಿಗೆಯೂ ಹದಕ್ಕೆ ಬಂದು ಅಷ್ಟೇ ದೂರಕ್ಕೆ ಕಡಿಮೆ ಶಕ್ತಿ ಸಾಕಾಗುತ್ತದೆ. ಇದು ನಿನ್ನೆ ಮೊನ್ನೆಯ ವಿಷಯವೂ ಅಲ್ಲ. 1966ರಲ್ಲೇ ಲಾರ್ಸೆನ್ ಮತ್ತು ಲಾಸೆನ್ ಅನ್ನುವವರು ನಡಿಗೆಯ ಅಭ್ಯಾಸ ಕೊಟ್ಟವರನ್ನು ಕೊಡದವರ ಜೊತೆ ಹೋಲಿಸಿ ಪ್ರಕಟಿಸಿದ್ದರು. 2012ರಲ್ಲಿ ಬಂದ ಕ್ಲೆವರ್ ಅನ್ನುವ ಅಧ್ಯಯನದಲ್ಲಿ, ಆರು ತಿಂಗಳಾದ ಮೇಲೆ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಕಣ್ಣೆದುರಿನ ವ್ಯಾಯಾಮ ಮಾಡಿದವರು ಟ್ರೆಡ್‌ಮಿಲ್ ಮೇಲೆ ಜಾಸ್ತಿ ಹೊತ್ತು ನಡೆದರು. ಅದು ಹೊಟ್ಟೆ ಮತ್ತು ಸೊಂಟದ ಭಾಗದ ನಾಳ ಕಟ್ಟಿದವರ ಅಧ್ಯಯನ, ಮೇಷ್ಟ್ರದು ತೊಡೆಯ ನಾಳ, ಹಾಗಾಗಿ ನೇರ ಹೋಲಿಕೆ ಮಾಡಬಾರದು. ಜೀವನ ಸುಖವಾಗಿದೆಯಾ ಅನ್ನುವ ಕೆಲವು ಪ್ರಶ್ನೆಗಳಲ್ಲಿ ಸ್ಟೆಂಟ್‌ನವರೇ ಮುಂದಿದ್ದರು, ಅದನ್ನೂ ಮುಚ್ಚಿಡಬಾರದು.

ನಡುವೆ ಬಂದ ಮೂರು ಅಡ್ಡಿ

ಮೂರನೇ ವಾರ ಒಂದು ಬೆಳಗ್ಗೆ, ನಾಲ್ಕನೇ ಸುತ್ತು ಮುಗಿಸಿ ನಿಂತಿದ್ದಾಗ ಅವರ ಹಣೆ ಪೂರ್ತಿ ಬೆವರಿತು. ಕೈ ನಡುಗುತ್ತಿತ್ತು. ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಶುಗರ್ 62. ಹದಿನೈದು ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆವು, 94 ಆಗಿತ್ತು.

ಇದು ವ್ಯಾಯಾಮ ಕೆಲಸ ಮಾಡುತ್ತಿದೆ ಅನ್ನುವುದರ ಗುರುತೂ ಹೌದು. ಮಾಂಸಖಂಡ ದುಡಿಯುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆಮೇಲೂ ಒಂದೆರಡು ದಿನ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ. ಅದೇ ಹೊತ್ತಿಗೆ ಗ್ಲಿಮೆಪಿರೈಡ್ ಮಾತ್ರೆ, ಸಕ್ಕರೆ ಎಷ್ಟಿದೆ ಅಂತ ನೋಡದೆ ಇನ್ಸುಲಿನ್ ಬಿಡಿಸುತ್ತಿರುತ್ತದೆ. ಎರಡೂ ಸೇರಿದರೆ ಹೀಗಾಗುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದಿದ್ದರೆ ಹೀಗಾಗುವುದು ಅಪರೂಪ. ಮಾತ್ರೆಗಳ ಪಟ್ಟಿ ನನ್ನ ಫೈಲಿನಲ್ಲೇ ಇತ್ತು. ನಾನು ಓದಿದ್ದೆ, ಯೋಚನೆ ಮಾಡಿರಲಿಲ್ಲ. ಮೂರನೇ ತಪ್ಪು.

ವೈದ್ಯರು ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರು. ಅವತ್ತಿಂದ ಪ್ರತಿ ಸಲ ಶುರು ಮಾಡುವ ಮೊದಲು ಬೆರಳು ಚುಚ್ಚುವುದು, 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಏರಿದ ಮೇಲೆಯೇ ಟ್ರೆಡ್‌ಮಿಲ್ ಹತ್ತುವುದು. ಮತ್ತೆ ಹಾಗಾಗಲಿಲ್ಲ.

ಐದನೇ ವಾರ ಪಾದ. ನಾವು ಪ್ರತಿ ಸಲ ಶುರುವಿಗೆ ಮೊದಲು ಶೂ ಬಿಚ್ಚಿಸಿ ಪಾದ ನೋಡುತ್ತಿದ್ದೆವು. ಒಂದು ದಿನ ಬಲಗಾಲಿನ ಕಿರುಬೆರಳ ಪಕ್ಕ ಕಡಲೆಕಾಳಿನಷ್ಟು ಗುಳ್ಳೆ. ಅವರಿಗೆ ಗೊತ್ತೇ ಇರಲಿಲ್ಲ. ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿತ್ತು. ಬೇರೆಯವರಿಗೆ ಒಂದು ಗುಳ್ಳೆ ದೊಡ್ಡ ವಿಷಯ ಅಲ್ಲ. ರಕ್ತವೂ ಸರಿಯಾಗಿ ಹೋಗದ, ಸ್ಪರ್ಶವೂ ಇಲ್ಲದ ಪಾದದಲ್ಲಿ ಅದೇ ಗುಳ್ಳೆ ಹುಣ್ಣಾಗಿ ಬೆರಳೇ ಹೋಗುವ ಮಟ್ಟಕ್ಕೆ ತಲುಪಬಹುದು.

ನಡಿಗೆ ನಿಲ್ಲಿಸಿದೆವು. ಆದರೆ ವ್ಯಾಯಾಮ ನಿಲ್ಲಿಸಲಿಲ್ಲ. ಕೈಯಲ್ಲಿ ತುಳಿಯುವ ಸೈಕಲ್ ಒಂದಿದೆ, ಪೆಡಲ್ ಜಾಗದಲ್ಲಿ ಹಿಡಿಕೆ ಇರುತ್ತದೆ. ಅದರ ಮೇಲೆ ಕೂರಿಸಿದೆ. "ಕಾಲು ನೋವಿಗೆ ಕೈ ತಿರುಗಿಸೋದಾ?" ಅಂತ ಮೇಷ್ಟ್ರಿಗೆ ನಂಬಿಕೆಯೇ ಬರಲಿಲ್ಲ. ಆದರೆ ಕೈಗಳ ವ್ಯಾಯಾಮ ಮಾಡಿದವರ ನಡಿಗೆಯ ದೂರವೂ ಸುಧಾರಿಸುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಲಾಭ ಒಂದೇ ಮಾಂಸಖಂಡಕ್ಕಲ್ಲ, ಇಡೀ ದೇಹದ ರಕ್ತನಾಳಗಳಿಗೆ ಸಿಗುತ್ತದೆ. ಎರಡು ವಾರದಲ್ಲಿ ಗುಳ್ಳೆ ಮಾಯಿತು. ಬೆರಳಿನ ಹತ್ತಿರ ಅಗಲವಿರುವ, ಒಳಗೆ ಹೊಲಿಗೆ ಚುಚ್ಚದ ಶೂ ತಂದರು. ಮತ್ತೆ ಟ್ರೆಡ್‌ಮಿಲ್ ಹತ್ತಿದಾಗ ಒಂದು ಮೀಟರ್ ಕೂಡ ಹಿಂದೆ ಬಿದ್ದಿರಲಿಲ್ಲ.

ಮೂರನೆಯದು ಒಂಬತ್ತನೇ ವಾರ. ನನಗೆ ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಆವತ್ತು ತುಂಬಾ ಚೆನ್ನಾಗಿ ನಡೆಯುತ್ತಿದ್ದರು. ಸಣ್ಣ ಏರಿನಲ್ಲಿ ಏಳನೇ ನಿಮಿಷ. ಬೆರಳು ಇನ್ನೂ ಎರಡೇ. ಆದರೆ ಅವರ ಎಡಗೈ ಕಂಬಿ ಬಿಟ್ಟು ಎದೆಯ ನಡುವೆ ಬಂದು, ಅಂಗೈ ಅಗಲಿಸಿ ಒತ್ತಿಕೊಂಡಿತು. ಒಂದೇ ಕ್ಷಣ, ಮತ್ತೆ ಕಂಬಿಗೆ ಹೋಯಿತು. ಟ್ರೆಡ್‌ಮಿಲ್ ನಿಲ್ಲಿಸಿದೆ. "ಏನಿಲ್ಲ, ಎದೆ ಸ್ವಲ್ಪ ಬಿಗಿ ಹಿಡ್ದಂಗಾಯ್ತು. ಕಾಲು ಇನ್ನೂ ಮೂರು ಆಗಿಲ್ಲ, ನಡೀತೀನಿ" ಅಂದರು.

ಇಲ್ಲಿ ನಾನೇ ಕಲಿಸಿದ ಪಾಠ ನನಗೇ ತಿರುಗಿಬಿದ್ದಿತ್ತು. ನೋವಿಗೆ ಹೆದರಬೇಡಿ ಅಂತ ಎರಡು ತಿಂಗಳು ಹೇಳಿದ್ದೆ. ಅವರು ಎಲ್ಲಾ ನೋವಿಗೂ ಅದನ್ನೇ ಅನ್ವಯಿಸಿಕೊಂಡರು. ಕೂರಿಸಿದೆವು, ವೈದ್ಯರು ಬಂದರು, ಇಸಿಜಿ ತೆಗೆದರು. ಮೂರು ನಿಮಿಷದಲ್ಲಿ ಬಿಗಿತ ಹೋಯಿತು. ಅವತ್ತೇ ಹೃದಯದ ತಜ್ಞರ ಹತ್ತಿರ ಕಳಿಸಿದೆವು. ಆಂಜಿಯೋಗ್ರಾಂನಲ್ಲಿ ಹೃದಯದ ಒಂದು ನಾಳ ಕಿರಿದಾಗಿರುವುದು ಕಂಡಿತು. ಸದ್ಯಕ್ಕೆ ಔಷಧಿ ಸಾಕು ಅಂತ ಅವರು ತೀರ್ಮಾನಿಸಿ, ಹೃದಯದ ಬಡಿತ ಇಳಿಸುವ ಬೀಟಾ ಬ್ಲಾಕರ್ ಅನ್ನುವ ಮಾತ್ರೆ ಶುರು ಮಾಡಿ, ಮೂರು ವಾರ ಬಿಟ್ಟು ವ್ಯಾಯಾಮಕ್ಕೆ ವಾಪಸ್ ಕಳಿಸಿದರು.

ಮೊದಲೇ ಯಾಕೆ ಗೊತ್ತಾಗಲಿಲ್ಲ? ಶುರುವಿನ ಇಸಿಜಿ ಸರಿಯಾಗಿಯೇ ಇತ್ತು. ಮೊದಲ ಟ್ರೆಡ್‌ಮಿಲ್ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಆದರೆ ಆ ಪರೀಕ್ಷೆ ಐದು ನಿಮಿಷಕ್ಕೆ ಕಾಲು ನೋವಿನಿಂದ ನಿಂತಿತ್ತು. ಹೃದಯಕ್ಕೆ ಕಷ್ಟವಾಗುವಷ್ಟು ಕೆಲಸ ಮಾಡಲು ಕಾಲು ಬಿಟ್ಟಿರಲೇ ಇಲ್ಲ. ಕಾಲು ಸುಧಾರಿಸಿದ ಮೇಲೆ ಹೃದಯದ ಮಿತಿ ಹೊರಗೆ ಬಂತು. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ ನಾಳವೂ ಕಟ್ಟಿರುವುದು ತುಂಬಾ ಸಾಮಾನ್ಯ, ಕಾಯಿಲೆ ಒಂದೇ, ಜಾಗ ಮಾತ್ರ ಬೇರೆ. ಇದು ಪುಸ್ತಕದಲ್ಲಿ ಓದಿದ್ದ ಮಾತು. ಒಬ್ಬರ ಅಂಗೈ ಎದೆಯ ಮೇಲೆ ಬರುವವರೆಗೆ ನನಗೆ ಅದರ ಅರ್ಥ ಇಳಿದಿರಲಿಲ್ಲ.

ವಾಪಸ್ ಬಂದಾಗ ಇನ್ನೊಂದು ಸಣ್ಣ ಆದರೆ ಮುಖ್ಯ ವಿಷಯ. ಎದೆ ಬಿಗಿ ಹಿಡಿದಾಗ ಅವರ ಹೃದಯದ ಬಡಿತ ಎಷ್ಟಿತ್ತೋ ಅದಕ್ಕಿಂತ ಹತ್ತು ಕಡಿಮೆ ಇರುವ ಹಾಗೆ ನಡೆಸುವುದು ಸಾಮಾನ್ಯ ಕ್ರಮ. ಆದರೆ ಹಳೇ ಸಂಖ್ಯೆ ಈಗ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಬೀಟಾ ಬ್ಲಾಕರ್ ಬಡಿತವನ್ನೇ ಇಳಿಸಿಬಿಡುತ್ತದೆ. ಹಾಗಾಗಿ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಹೃದಯದ ತಜ್ಞರು ಹೊಸದಾಗಿ ಪರೀಕ್ಷೆ ಮಾಡಿ ಹೊಸ ಮಿತಿ ಕೊಟ್ಟರು. 220ರಿಂದ ವಯಸ್ಸು ಕಳೆಯುವ ಜನಪ್ರಿಯ ಲೆಕ್ಕವನ್ನು ಈ ಮಾತ್ರೆಯಲ್ಲಿರುವವರಿಗೆ ದಯವಿಟ್ಟು ಯಾರೂ ಹೇಳಬೇಡಿ. ಆ ಸಂಖ್ಯೆ ಮುಟ್ಟಲು ಹೋಗಿ ಮಿತಿ ಮೀರಿ ದಣಿಯುತ್ತಾರೆ.

ಕೊನೆಗೆ ಏನಾಯಿತು

36 ಸಲ ಮುಗಿಯಲು ಹನ್ನೆರಡರ ಬದಲು ಹದಿನಾರು ವಾರ ಹಿಡಿಯಿತು. ಅದೇ ವೇಗ, ಏರಿಲ್ಲದ ಅದೇ ಟ್ರೆಡ್‌ಮಿಲ್‌ನಲ್ಲಿ ಮತ್ತೆ ಅಳೆದೆವು. ನೋವು ಶುರುವಾಗುವ ದೂರ 140ರಿಂದ 310 ಮೀಟರ್‌ಗೆ, ನಿಲ್ಲಲೇಬೇಕಾದ ದೂರ 240ರಿಂದ 560 ಮೀಟರ್‌ಗೆ ಬಂದಿತ್ತು. ಎಲ್ಲರಿಗೂ ಇಷ್ಟು ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮ ಮಾಡಿದವರು ಮಾಡದವರಿಗಿಂತ ಸರಾಸರಿ ಸುಮಾರು 80 ಮೀಟರ್ ಜಾಸ್ತಿ ನೋವಿಲ್ಲದೆ, ಸುಮಾರು 120 ಮೀಟರ್ ಜಾಸ್ತಿ ಒಟ್ಟಾರೆ ನಡೆಯುತ್ತಾರೆ. ಮೇಷ್ಟ್ರದು ಅದಕ್ಕಿಂತ ಚೆನ್ನಾದ ಫಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1ರಿಂದ 7.4ಕ್ಕೆ ಇಳಿದಿತ್ತು, ಅದೂ ಗ್ಲಿಮೆಪಿರೈಡ್ ಅರ್ಧ ಮಾಡಿದ ಮೇಲೆ.

ಆದರೆ ಎಬಿಐ? 0.62 ಇದ್ದದ್ದು 0.64.

ಮೇಷ್ಟ್ರ ಮುಖ ಬಾಡಿತು. "ನಾಲ್ಕು ತಿಂಗಳು ನಡೆದು ಎರಡು ಮಾರ್ಕ್ಸಾ?" ಅಂದರು. ನಾಳ ಬಿಡುವುದಿಲ್ಲ ಅಂತ ಮೊದಲ ವಾರವೇ ಹೇಳಿದ್ದೆ, ಆದರೂ ಮನಸ್ಸಿನ ಮೂಲೆಯಲ್ಲಿ ಆಸೆ ಇಟ್ಟುಕೊಂಡಿದ್ದರು. ಅವರ ನೋಟ್‌ಬುಕ್ ತೆರೆದು ಹಳೇ ಪುಟ ತೋರಿಸಿದೆ, 130, 130, 120. ಪಕ್ಕದಲ್ಲಿ ಈ ವಾರದ ಪುಟ. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತಾ ಕೂತರು. ಆಮೇಲೆ ಅವರ ಹೆಂಡತಿ ಹೇಳಿದ ಒಂದು ಮಾತು ನನ್ನ ಯಾವ ವಿವರಣೆಗಿಂತ ಚೆನ್ನಾಗಿ ಕೆಲಸ ಮಾಡಿತು. "ಹೋದ ವಾರ ನಂಜೊತೆ ಒಂದೇ ಸಮ ನಡೆದ್ರಲ್ಲ, ನಾನೇ ಸುಸ್ತಾಗಿ ನಿಂತೆ."

ವರ್ಷದ ನಂತರದ ತಪಾಸಣೆಯಲ್ಲಿ ಸಂಖ್ಯೆಗಳು ಸ್ವಲ್ಪ ಇಳಿದಿದ್ದವು, ನೋವು ಶುರು 280ಕ್ಕೆ, ಗರಿಷ್ಠ 510. ನಡುವೆ ಎರಡು ತಿಂಗಳು ಮನೆಯ ಗಡಿಬಿಡಿಯಲ್ಲಿ ನಡಿಗೆ ಬಿಟ್ಟುಹೋಗಿತ್ತಂತೆ. ಬಿಟ್ಟರೆ ಲಾಭವೂ ಮೆಲ್ಲಗೆ ಬಿಟ್ಟುಹೋಗುತ್ತದೆ, ಮಾತ್ರೆ ನಿಲ್ಲಿಸಿದ ಹಾಗೇ. ಪಾದ ಸರಿಯಾಗಿದೆ, ಎದೆ ಬಿಗಿತ ಮತ್ತೆ ಬಂದಿಲ್ಲ. ಬಲೂನ್ ಇನ್ನೂ ಬೇಕಾಗಿಲ್ಲ. ಮುಂದೆ ಬೇಕಾಗಬಹುದು, ಬೇಕಾದರೆ ಹಾಕಿಸಿಕೊಳ್ಳುತ್ತಾರೆ. ಹಾಗಾದರೂ ವ್ಯಾಯಾಮ ಸೋತಿತು ಅಂತ ಅರ್ಥವಲ್ಲ.

ನಮ್ಮಲ್ಲಿ ಏನು ಬದಲಾಯಿತು

ಈಗ ನಡೆಯುವಾಗ ಕಾಲು ನೋವು ಅಂತ ಯಾರೇ ಬಂದರೂ, ಸ್ಕ್ಯಾನ್ ಚೀಟಿಯಲ್ಲಿ ಏನೇ ಬರೆದಿರಲಿ, ಮೊದಲ ದಿನವೇ ಸಾಕ್ಸ್ ಬಿಚ್ಚಿಸಿ ಪಾದ ಮುಟ್ಟಿ ನೋಡುತ್ತೇನೆ. ನಿಂತರೆ ಸಾಕಾ, ಕೂರಬೇಕಾ ಅಂತ ಕೇಳುತ್ತೇನೆ. ಅರ್ಧ ನಿಮಿಷದ ಕೆಲಸ. ಮಾತ್ರೆಗಳ ಪಟ್ಟಿಯನ್ನು ವ್ಯಾಯಾಮದ ಜೊತೆ ಇಟ್ಟು ಓದುತ್ತೇನೆ: ಯಾವುದು ಶುಗರ್ ಬೀಳಿಸಬಹುದು, ಯಾವುದು ಬಡಿತ ಇಳಿಸುತ್ತದೆ. ಕಾಲು ಸುಧಾರಿಸಿ ದೂರ ಹೆಚ್ಚುತ್ತಿರುವ ವಾರಗಳಲ್ಲೇ ಎದೆಯ ಬಗ್ಗೆ ಜಾಸ್ತಿ ಎಚ್ಚರ ಇಡುತ್ತೇನೆ. ಎಲ್ಲಾ ಚೆನ್ನಾಗಿದೆ ಅನ್ನಿಸುವ ಹೊತ್ತು ಅದು, ಅಪಾಯ ಕಾಣಿಸಿಕೊಳ್ಳುವುದೂ ಆಗಲೇ. ಕಾಲು ಇದ್ದಕ್ಕಿದ್ದ ಹಾಗೆ ತಣ್ಣಗಾಗಿ, ಬಿಳುಚಿ, ಜೋಮು ಹಿಡಿದು ನೋವು ಶುರುವಾದರೆ ಅದಕ್ಕೆ ನಡಿಗೆ ಅಲ್ಲ, ಆ ಕ್ಷಣವೇ ಆಸ್ಪತ್ರೆ ಅಂತಲೂ ಮೊದಲ ದಿನವೇ ಹೇಳುತ್ತೇನೆ.

ಮನೆಗೆ ಕೊಡುವ ಚೀಟಿಯನ್ನು ಹೊಸದಾಗಿ ಬರೆದೆ. ಬರೆದು ಮೊದಲು ಮೇಷ್ಟ್ರಿಗೇ ತೋರಿಸಿದೆ. ಹೀಗಿತ್ತು: ವಾರಕ್ಕೆ ಕನಿಷ್ಠ ಮೂರು ದಿನ. ನಡೆಯುವ ಮೊದಲು ಪಾದ ನೋಡಿಕೊಳ್ಳಿ. ಮೀನಖಂಡದ ನೋವು ಮೂರು ಬೆರಳಿಗೆ ಬರುವವರೆಗೆ ನಡೆಯಿರಿ. ನಿಲ್ಲಿ. ನೋವು ಇಳಿಯುವವರೆಗೆ ಕಾಯಿರಿ. ಮತ್ತೆ ನಡೆಯಿರಿ. ಒಟ್ಟು ಅರ್ಧ ಗಂಟೆಯಿಂದ ಐವತ್ತು ನಿಮಿಷ. ಎದೆ, ದವಡೆ, ತೋಳಿನಲ್ಲಿ ಬಿಗಿತ ಅಥವಾ ನೋವು ಬಂದರೆ ಒಂದು ಬೆರಳಾದರೂ ಸರಿ, ನಿಲ್ಲಿಸಿ, ನಮಗೆ ತಿಳಿಸಿ. ನಿಂತ ಮೇಲೂ ಹೋಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಪೆನ್ನು ತೆಗೆದು, ಎರಡು ಸಲ ಓದಿದರು. "ನೋವು ಇಳಿಯುವವರೆಗೆ" ಅನ್ನುವಲ್ಲಿ ನಡುವೆ ಗುರುತು ಹಾಕಿ ಮೇಲೆ "ಪೂರ್ತಿ" ಅಂತ ಸೇರಿಸಿ, ಅದರ ಕೆಳಗೆ ಎರಡು ಗೆರೆ ಎಳೆದು ವಾಪಸ್ ಕೊಟ್ಟರು. "ಇದಿಲ್ದೆ ಇದ್ರೆ ಎಲ್ಲರೂ ಅರ್ಧಕ್ಕೇ ಹೊರಡ್ತಾರೆ. ನಾನೂ ಹಾಗೇ ಮಾಡ್ತಿದ್ದೆ" ಅಂದರು. ಈಗ ನಾವು ಕೊಡುವ ಚೀಟಿಯಲ್ಲಿ ಆ ಪದ ಎರಡು ಗೆರೆಯ ಸಮೇತ ಇದೆ.